ಮೆಹರ್ ಆಪಾ ಮತ್ತು ಆರದ ಹಳದಿ ದೀಪ

ಮೆಹರ್ ಆಪಾ ಕಾರು ಓಡಿಸಿದರೆ ಬೈಸಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ನಾನು. ರಿಯಾದಿನಲ್ಲಿ ಕೆಲಸಕ್ಕಿದ್ದ ಅವರ ಯಜಮಾನರು ಅಲ್ಲಿಂದ ಹಡಗಿನಲ್ಲಿ ಕಳಿಸಿದ್ದ ಆ ಕಾರಿಗೆ ಸ್ಟೀರಿಂಗು ಎಡಗಡೆ. ಬಲಗಡೆ ಕೈಕಟ್ಟಿ ಕೂತ ನನ್ನನ್ನೇ ಡ್ರೈವರ್ ಎಂದುಕೊಂಡು ಹೆಬ್ಬಾಳದ ಲಾರಿಯವರು, "ಕಣ್ ಕಾಣ್ಸಲ್ವೇನಮ್ಮಾ?" ಎಂದು ಉಗಿಯುತ್ತಿದ್ದರು. ಆಪಾ ಕೂಡ ನನ್ನ ಕಡೆ ತಿರುಗಿ, "ನಿಧಾನ ಓಡ್ಸಿ ಅಂತ ಹೇಳಿಲ್ವಾ ನಾನು?" ಎಂದು ಅವರ ಪಕ್ಷ ಸೇರುತ್ತಿದ್ದರು. ಇಂಥವರ ಸಹವಾಸ ನನಗೆ ಬೇಕಿತ್ತೇ? ಬೇಕಿತ್ತು. ಎಂಬತ್ತರ ದಶಕದ ನಮ್ಮ ಆರ್.ಟಿ. ನಗರದ ಬೀದಿಯಲ್ಲಿ ಕಾರು ಓಡಿಸುವ ಹೆಂಗಸು ಅವರೊಬ್ಬರೇ.

ಸೊಪ್ಪು ಬಾಗಿಲಿಗೇ ಬರುತ್ತಿದ್ದರೂ ಒಂದು ಕಟ್ಟು ಕೊತ್ತಂಬರಿಗೆ ಯಶವಂತಪುರದ ಮಾರ್ಕೆಟ್ಟಿಗೆ ಹೊರಡುವರು. "ಸ್ಟೀರಿಂಗ್ ಹಿಡಿದ್ರೆ ಮಂಡಿನೋವು ಮರ್ತೋಗ್ತದೆ ಕಣ್ರೀ" ಎನ್ನುವರು.

ಯಜಮಾನರು ರಜೆಗೆ ಬರುವ ವಾರವೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಮುಂದಿನ ಗಾಜು ತೊಳೆಯುವ ನೀರು ಖಾಲಿಯಾದರೆ ಹತ್ತುವ ದೀಪ ಅದು. ನೀರು ತುಂಬಿಸಿದರೂ ಆರಲಿಲ್ಲ. ಆಪಾ ಮುಖ ಬಾಡಿಹೋಯಿತು. "ಕಾರಿಗೇನಾದ್ರೂ ಮಾಡಿಟ್ರೆ, ಬಂದು ಮಾರ್ಬಿಡ್ತೀನಿ" ಎಂದು ಯಜಮಾನರು ಫೋನಿನಲ್ಲೇ ಹೇಳಿದ್ದರು.

ಮೆಕ್ಯಾನಿಕ್ ಬಂದವನು, "ಫಾರಿನ್ ಮಾಲು ಮೇಡಂ. ಬಲ್ಬ್ ಕಿತ್ತಾಕ್ಬಿಡ್ಲಾ?" ಎಂದ.

"ಜ್ವರ ಬಂದ್ರೆ ಥರ್ಮಾಮೀಟರ್ ಒಡೀತೀಯೇನಪ್ಪಾ?" ಎಂದು ಆಪಾ ಅವನನ್ನು ಕಳಿಸಿಬಿಟ್ಟರು.

ಆಮೇಲೆ ನಾವಿಬ್ಬರೇ ಸೆರಗು ಸಿಕ್ಕಿಸಿ ನಿಂತೆವು. ನೀರಿನ ಡಬ್ಬಿಗೆ ಸೇರಿದ್ದ ವೈರು ಎಳೆದರೆ ದೀಪ ಆರಿತು, ಸಿಕ್ಕಿಸಿದರೆ ಹತ್ತಿತು. ಹಾಗಾದರೆ ರೋಗ ಇರುವುದು ಡಬ್ಬಿಯೊಳಗೇ. ಮುಚ್ಚಳ ತೆಗೆದೆ. ಭಾನುವಾರದ ಬಚ್ಚಲುಮನೆಯ ವಾಸನೆ ಗಪ್ಪೆಂದು ಬಡಿಯಿತು.

"ಆಪಾ, ಇದಕ್ಕೇನ್ ಹಾಕಿದ್ರಿ?"

"ಸೀಗೆಕಾಯಿ ನೀರು. ಸೋಪು ಫಾರಿನ್ ಗಾಜಿಗೆ ಉಷ್ಣ ಅಲ್ವಾ?"

ನಗು ತಡೆಯಲಾಗದೆ ಬಾನೆಟ್ ಹಿಡಿದುಕೊಂಡೆ. ನೀರು ಏರಿದಂತೆ ಮೇಲೇಳಬೇಕಾದ ಪುಟ್ಟ ಬಿರಡೆ ತಳದ ಸೀಗೆಪುಡಿಯ ಕೆಸರಿನಲ್ಲಿ ಹೂತುಹೋಗಿತ್ತು. ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಉಜ್ಜಿದೆವು. ಮತ್ತೆ ನೀರು ತುಂಬಿದಾಗ ಬಿರಡೆ ತೇಲಿತು, ದೀಪ ಆರಿತು. ಆಪಾ ಮೆಟ್ಟಿಲ ಮೇಲೆ ಕುಸಿದು ಕೂತು, "ಬದುಕ್ಕೊಂಡೆ" ಎಂದು ಕಣ್ಣೊರೆಸಿಕೊಂಡರು.

ಯಜಮಾನರು ಬಂದರು, ಕಾರು ಸುತ್ತಿ ನೋಡಿದರು, "ಗಾಜು ಏನ್ ಹೊಳೀತಿದೆ" ಎಂದು ಮೆಚ್ಚಿದರು. ಕಾರು ಮಾರುವ ಮಾತೇ ಎತ್ತಲಿಲ್ಲ. ಆದರೆ ಅವರ ಜೇಬಿನಲ್ಲಿ ಆಪಾಗೆ ರಿಯಾದಿನ ವೀಸಾ ಇತ್ತು. "ಒಬ್ನೇ ಇದ್ದು ಸಾಕಾಯ್ತು ಮೆಹರ್" ಎಂದರಂತೆ. ಪ್ರೀತಿಯಿಂದ ಕರೆದವರ ಮೇಲೆ ಜಗಳ ಆಡುವುದು ಹೇಗೆ?

ಏರ್‌ಪೋರ್ಟಿಗೂ ಆಪಾ ತಾವೇ ಓಡಿಸಿದರು. ಇಳಿದು, ಕಾರಿನ ಬೀಗದ ಕೈಯನ್ನು ಜೊತೆಗೆ ಬಂದಿದ್ದ ಮೈದುನನಿಗೆ ಕೊಟ್ಟು, ನನ್ನ ಕೈ ಹಿಡಿದರು.

"ಅಲ್ಲಿ ಹೆಂಗಸ್ರು ಕಾರ್ ಓಡ್ಸೋ ಹಂಗಿಲ್ವಂತೆ."

ಅಷ್ಟರಲ್ಲಿ ಯಜಮಾನರು ಸಾಮಾನಿನ ಟ್ರಾಲಿ ತಳ್ಳತೊಡಗಿದರು. ಆಪಾ ಹೋಗಿ ಅವರ ಕೈಯನ್ನು ಮೆಲ್ಲಗೆ ಸರಿಸಿ, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀವು ಪಕ್ಕದಲ್ಲಿ ಬನ್ನಿ" ಎಂದರು.