ಹಸಿರು ಹಚ್ಚದ ಬೋಲ್ಟ್

ಆ ಸದ್ದು ಮೊದಲು ಕೇಳಿದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ಚೀಲ ಇಳಿಸಿ, ಖಾಲಿ ಪಿಕಪ್ ಗಾಡಿಯನ್ನು ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಳಿಸುತ್ತಿದ್ದೆ. ಹಿಂದಿನ ಚಕ್ರಗಳ ನಡುವಿನಿಂದ ಕಟಕಟ ಶುರುವಾಯಿತು. ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಿತು. "ಸರ, ಹಿಂದ ಏನೋ ಮುರೀತ ನೋಡ್ರಿ," ಎಂದ ಒಬ್ಬ ಹಮಾಲ. ಇಳಿದು ನೋಡಿದೆ, ಏನೂ ಮುರಿದಿರಲಿಲ್ಲ. ನೇರ ರಸ್ತೆಗೆ ಬಂದ ಕೂಡಲೇ ಸದ್ದು ಹೋಯಿತು, ಮುಂದಿನ ತಿರುವಿನಲ್ಲಿ ಮತ್ತೆ ಬಂತು.

ಕಾರಣ ನನಗೆ ಗೊತ್ತಿತ್ತು. ನಾನು ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಾಗಿನೆಲೆಯ ಹತ್ತಿರ ಸ್ವಲ್ಪ ಹೊಲವಿದೆ, ಭಾನುವಾರಗಳೆಲ್ಲ ಅಲ್ಲೇ. ಈ ಹಳೆಯ ಗಾಡಿ ಕೊಂಡದ್ದು ಆ ಹೊಲಕ್ಕಾಗಿ. ಇದರ ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ಸಾಮಾನ್ಯದ್ದಲ್ಲ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ ಇನ್ನೊಂದಕ್ಕೂ ಬಲ ಸಿಗಲೆಂದು ಒಳಗೆ ತೆಳುವಾದ ಪ್ಲೇಟುಗಳಿವೆ. ಅವಕ್ಕೆಂದೇ ಬೇರೆ ಎಣ್ಣೆಯಿದೆ. ಮಾಮೂಲಿ ಎಣ್ಣೆ ಬಿದ್ದರೆ ತಿರುವಿನಲ್ಲಿ ಪ್ಲೇಟುಗಳು ನಯವಾಗಿ ಜಾರದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಕಟಕಟಿಸುತ್ತವೆ. ಇಷ್ಟನ್ನು ಇತ್ತೀಚೆಗಷ್ಟೇ ಓದಿ ತಿಳಿದಿದ್ದೆ. ಉಳಿದದ್ದನ್ನು ಕಣ್ಣಾರೆ ಕಂಡಿದ್ದೆ. ಎರಡು ತಿಂಗಳ ಹಿಂದೆ ರಾಣೆಬೆನ್ನೂರಿನ ನಮ್ಮ ಮಿಸ್ತ್ರಿ ಗಾಡಿಯ ಅಡಿ ಮಲಗಿ, ಕೆಂಪು ಲಾಳಿಕೆಗೆ ಪೈಪು ಸಿಕ್ಕಿಸಿ, ಹಿಂದಿನ ಡಿಫರೆನ್ಶಿಯಲ್‌ಗೆ ಮಾಮೂಲಿ ಗೇರ್ ಎಣ್ಣೆ ಇಳಿಸಿದ್ದರು. ಮೊಣಕೈವರೆಗೆ ಹರಿದ ಎಣ್ಣೆಯ ಎಳೆಯನ್ನು ಅಂಗಿಗೆ ಒರೆಸಿಕೊಂಡು "ಆತ್ರಿ ಸರ" ಎಂದಿದ್ದರು. ಆ ಎಳೆ ಈಗಲೂ ನನಗೆ ಕಾಣುತ್ತದೆ.

ಕಂಡದ್ದನ್ನು ಹೇಳಿದೆ. ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಏಳೆಂಟು ಜನರ ನಡುವೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ನನ್ನ ಹೆಂಡತಿಯ ತಮ್ಮನಿಗೂ ಹೇಳಿದೆ. ಅವನು ಅದೇ ಊರಿನ ಬೀಜದ ವ್ಯಾಪಾರಿಯೊಬ್ಬರ ನಾಲ್ಕು ಗಾಡಿಗಳ ಉಸ್ತುವಾರಿ. ಆ ನಾಲ್ಕೂ ಇದೇ ಮಿಸ್ತ್ರಿಯ ಕೈಯಲ್ಲಿದ್ದವು. ಒಂದು ವಾರದೊಳಗೆ ನಾಲ್ಕನ್ನೂ ಬೇರೆ ಗ್ಯಾರೇಜಿಗೆ ಒಯ್ದುಬಿಟ್ಟ.

ಮಿಸ್ತ್ರಿ ಫೋನ್ ಮಾಡಿದರು.

"ಸರ, ಕೆಲಸ ತಡಾ ಮಾಡ್ತಾನ ಅಂದಿದ್ರ ಸುಮ್ನಿರ್ತಿದ್ನಿ. ಆ ಗಾಡಿಗೆ ಯಾ ಎಣ್ಣಿ ಅನ್ನೂದು ತಿಳೀದಂವ ಅಂದ್ರ ಹೆಂಗ್ರಿ? ಇನ್ನ ಯಾರ ನನ್ನ ಕೈಯಾಗ ಗಾಡಿ ಕೊಡ್ತಾರ? ತಗೊಂಡ ಬರ್ರಿ. ನಿಮ್ಮ ಎದುರಿಗೇ ಬಿಚ್ಚತೇನಿ. ನಿಮ್ಮ ಮನಿಯವ್ರ ತಮ್ಮನ್ನೂ ಕರ್ರಿ."

ನನಗೂ ಅದೇ ಬೇಕಿತ್ತು. ತರಗತಿಯಲ್ಲಿ ದಿನಾ ನಾನು ಕೇಳುವ ಪ್ರಶ್ನೆಯೇ ಅದು, ಪುರಾವೆ ಎಲ್ಲಿ ಎಂದು.

ಗಾಡಿಯ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ ಕಂಬ ಕೊಟ್ಟರು. ಹೆಂಡತಿಯ ತಮ್ಮ ಮಡಚಿದ ಚೀಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಮಿಸ್ತ್ರಿ ಟಾರ್ಚ್ ಹಿಡಿದು ನನ್ನನ್ನು ಪಕ್ಕದಲ್ಲೇ ಮಲಗಿಸಿಕೊಂಡರು. ಅವರದೊಂದು ರೂಢಿಯಿತ್ತು, ಅದನ್ನು ನಾನು ಎಂದೂ ಗಮನಿಸಿರಲಿಲ್ಲ. ತಾವು ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಒಂದು ಬೊಟ್ಟು ಹಸಿರು ಬಣ್ಣ ಇಡುತ್ತಾರೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವ ಬಣ್ಣವೇ ಅದು. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದೇ ಗೀಟು. ಆಮೇಲೆ ಯಾರು ತಿರುಗಿಸಿದರೂ ಗೀಟು ಒಡೆಯುತ್ತದೆ.

"ಇದು ಗೇರ್‌ಬಾಕ್ಸ್," ಎಂದು ಮುಂದೆ ಬೆಳಕು ಬಿಟ್ಟರು. ಎಣ್ಣೆ ತುಂಬುವ ಬೋಲ್ಟಿನ ಮೇಲೆ ಹಸಿರು ಗೀಟು ಅಖಂಡವಾಗಿತ್ತು. "ಅವತ್ತ ಎಣ್ಣಿ ಹಾಕಿದ್ದು ಇದಕ್ಕ. ಕೆಂಪ್ ಲಾಳಕಿ ಅಂದ್ರೆಲ್ಲಾ, ಖರೇ ಐತಿ, ಇಲ್ಲೇ ಹಿಡದಿದ್ನಿ. ಈಗ ಹಿಂದ ನೋಡ್ರಿ."

ಬೆಳಕು ಡಿಫರೆನ್ಶಿಯಲ್ ಮೇಲೆ ಬಿತ್ತು. ಅಲ್ಲಿನ ಬೋಲ್ಟುಗಳಲ್ಲಿ ಹಸಿರು ಇರಲಿಲ್ಲ. ಕೆಳಗಿನ ಬೋಲ್ಟಿನ ಸುತ್ತ ಬಿಳಿಯದೇನೋ ಹಣಿಕಿ ಹಾಕಿತ್ತು. ಮಿಸ್ತ್ರಿ ಪಾನಾ ಹಾಕಿ ತಿರುಗಿಸಿದರು. ಕಪ್ಪು ಎಣ್ಣೆ ಡಬ್ಬಿಗೆ ಸುರಿಯಿತು. ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟರು.

ಅದರ ಥ್ರೆಡ್ಡುಗಳ ಮೇಲೆ ಬಿಳಿ ಟೇಪು ಸುತ್ತಿತ್ತು. ನೀರಿನ ಪೈಪಿಗೆ ಸುತ್ತುವ ಟೇಪು. ಯಾವ ಮಿಸ್ತ್ರಿಯೂ ಇಲ್ಲಿಗೆ ಅದನ್ನು ಸುತ್ತುವುದಿಲ್ಲ. ತುದಿಯನ್ನು ಗಂಟಿನ ಹಾಗೆ ಹೊಸೆದು ಒಳಗೆ ತೂರಿಸಿತ್ತು. ಹಾಗೆ ತೂರಿಸುವವನು ನನಗೆ ಚೆನ್ನಾಗಿ ಗೊತ್ತು. ನಮ್ಮ ಹೊಲದ ಬೋರಿನ ಪೈಪಿನ ಪ್ರತಿ ಸಂದಿಯಲ್ಲೂ ಅವನ ಕೈಚಳಕವಿದೆ. ಆ ಕೈ ನನ್ನದೇ.

ಆ ಟೇಪಿಗಿಂತ ಹೆಚ್ಚು ನನ್ನನ್ನು ಬೆಚ್ಚಿಬೀಳಿಸಿದ್ದು ಮರುಗಳಿಗೆಯಲ್ಲಿ ನನ್ನ ತಲೆ ಮಾಡಿದ ಕೆಲಸ. ಹಿಂದಿನ ಮಾಲೀಕ ಸುತ್ತಿರಬಹುದು ಎಂದಿತು. ಹೊಲದಲ್ಲಿ ಗಾಡಿ ನಿಂತಾಗ ಯಾರೋ ಬಿಚ್ಚಿರಬಹುದು ಎಂದಿತು. ಯಾರೂ ಕೇಳದಿದ್ದರೂ ವಕೀಲನಂತೆ ಒಂದರ ಹಿಂದೊಂದು ಮುಂದಿಡುತ್ತಿತ್ತು. ಅಲ್ಲಿಂದ ಎದ್ದು ಹೆಂಡತಿಗೆ ಫೋನ್ ಮಾಡಿದೆ. ನಾನೇನಾದರೂ ಹೊಲದಲ್ಲಿ ಗಾಡಿಯ ಎಣ್ಣೆಯ ಕೆಲಸ ಮಾಡಿದ್ದೆನೇ ಎಂದು ಕೇಳಿದೆ.

"ಅಯ್ಯ, ಮರತ್ರೇನ್ರಿ?" ಎಂದಳು. "ಹಿಂದಿಂದ ಎಣ್ಣಿ ಹನಕತೈತಿ ಅಂತ ಗಾಡಿ ಬುಡಕ ಹೊಕ್ಕಿದ್ರಿ. ಅಷ್ಟ್ರಾಗ ತ್ರೀ ಫೇಸ್ ಕರೆಂಟ್ ಬಂತು, ಮೋಟರ್ ಚಾಲೂ ಮಾಡಾಕ ಓಡಿದ್ರಿ. ವಾಪಸ್ ಬಂದು ಟ್ರ್ಯಾಕ್ಟರ್ ಎಣ್ಣಿ ಡಬ್ಬಿ ತಗೊಂಡ ಬಾ ಅಂತ ನನಗ ಹೇಳಿದ್ರಿ. ಆ ಅಂಗಿ ಮೂರ ಸಲ ಒಗದೇನಿ. ನಾತಾ ಇನ್ನೂ ಹೋಗಿಲ್ಲ."

ಕೇಳಿದ ಮೇಲೂ ನೆನಪಾಗಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಂದಿಗೂ ಆಗಿಲ್ಲ. ಅವತ್ತು ಮೋಟರ್ ಶುರು ಮಾಡಿದ್ದು, ಪೈಪಿನ ಸಂದಿಗೆ ಟೇಪು ಸುತ್ತಿದ್ದು ನೆನಪಿದೆ. ಗಾಡಿಯ ಬೋಲ್ಟಿನ ಜಾಗದಲ್ಲಿ ಏನೂ ಇಲ್ಲ. ಆ ಖಾಲಿ ಜಾಗಕ್ಕೆ ಮಿಸ್ತ್ರಿಯ ಮೊಣಕೈ, ಲಾಳಿಕೆ, ಎಣ್ಣೆಯ ಎಳೆ ಬಂದು ಕೂತಿವೆ. ಮುಂದಿನ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಶಿಯಲ್‌ವರೆಗೆ ಅವರ ಕೈಯನ್ನು ಎಳೆದು ತಂದವನು ನಾನೇ.

"ಏನಂದ್ಳು ಅಕ್ಕ?" ಹೆಂಡತಿಯ ತಮ್ಮ ಕೇಳಿದ.

"ನಾನು ಬಿಚ್ಚೇನಿ. ಟ್ರ್ಯಾಕ್ಟರ್ ಎಣ್ಣಿ ನಾನು ಹಾಕೇನಿ. ಮಿಸ್ತ್ರಿ ಇದನ್ನ ಮುಟ್ಟಿಲ್ಲ."

ಅವನು ಬಾಯಿ ತೆರೆದು ನನ್ನನ್ನೇ ನೋಡಿದ. "ಮಾಮಾ, ಕಣ್ಣೀಲೆ ನೋಡೇನಿ ಅಂದಿದ್ರೆಲ್ಲಾ!"

ಮಿಸ್ತ್ರಿ ಗೆದ್ದವರಂತೆ ನಗಲಿಲ್ಲ. ಪ್ಲೇಟುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು. "ಸವದಿಲ್ರಿ, ಪುಣ್ಯಾ ಐತಿ," ಎಂದು ತೊಳೆದು, ಸರಿಯಾದ ಎಣ್ಣೆಯಲ್ಲಿ ನೆನೆಯಲು ಇಟ್ಟರು. ನಾನು ತಪ್ಪಾಯಿತು ಎಂದೆ. "ನನಗ ಹೇಳಿ ಏನ ಮಾಡ್ತೀರಿ ಸರ, ನನಗ ಗೊತ್ತೈತೆಲ್ಲಾ. ಚಾದಂಗಡ್ಯಾಗ ಹೇಳ್ರಿ."

ಮರುದಿನ ಎಲ್ಲ ಜೋಡಿಸಿದ ಮೇಲೆ ಗಾಡಿಯನ್ನು ಊರ ಹೊರಗಿನ ಬಯಲಿಗೆ ಒಯ್ದೆವು. ಹೊಸ ಎಣ್ಣೆ ಪ್ಲೇಟುಗಳ ನಡುವೆ ಹೋಗಬೇಕಾದರೆ ಎಂಟರ ಆಕಾರದಲ್ಲಿ ಸುತ್ತು ಹಾಕಬೇಕಂತೆ. ಮೊದಲ ಸುತ್ತಿಗೆ ಕಟಕಟ ಇತ್ತು. ನಾಲ್ಕನೆಯದಕ್ಕೆ ಗೊಣಗಾಟ. ಏಳನೆಯದೋ ಎಂಟನೆಯದೋ ಸುತ್ತಿಗೆ ಟೈರಿನ ಕೆಳಗೆ ಹರಳು ಸಿಡಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಏಳೋ ಎಂಟೋ, ಈಗ ಆಣೆ ಮಾಡಿ ಹೇಳಲಾರೆ.

ಅಲ್ಲಿಂದ ಚಹಾದಂಗಡಿಗೆ. ಮಿಸ್ತ್ರಿ ಬಂದರು, ಹೆಂಡತಿಯ ತಮ್ಮ ಬಂದ, ಅವನ ನಾಲ್ಕು ಗಾಡಿಗಳ ಚಾಲಕರಲ್ಲಿ ಹಿರಿಯನೂ ಅಲ್ಲಿದ್ದ. ನಾನು ನಿಂತೇ ಹೇಳಿದೆ. ತಪ್ಪು ಎಣ್ಣೆ ಹಾಕಿದ್ದು ನಾನು, ಮಿಸ್ತ್ರಿಯ ಮೇಲೆ ಹೇಳಿದ್ದು ಸುಳ್ಳು ಎಂದೆ. ಹಿರಿಯ ಚಾಲಕ ಬಟ್ಟಲು ಕೆಳಗಿಟ್ಟ.

"ಯಾಕ ಸರ, ಮುಲಾಜಿಗೆ ಬಿದ್ದ ಹಂಗ ಹೇಳಾಕತ್ತೀರಿ? ಅವತ್ತ ನಾನೂ ಇಲ್ಲೇ ಕುಂತಿದ್ನಿ. ಮಿಸ್ತ್ರಿ ಹಿಂದ ಮಲಕ್ಕೊಂಡು ಹಾಕಿದ್ನ ನಾ ನೋಡೇನಿ. ಕೆಂಪ್ ಲಾಳಕಿ. ಮೊಣಕೈ ತನಾ ಎಣ್ಣಿ ಇಳದಿತ್ತು."

ಅದು ನನ್ನ ಎಳೆ. ನಾನು ಇದೇ ಬೆಂಚಿನ ಮೇಲೆ ಕೂತು ಹೇಳಿದ್ದು, ಈಗ ಅವನ ಕಣ್ಣಿನೊಳಗಿಂದ ಹರಿದು ಬರುತ್ತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಮುಖ ನೋಡಿದರೆ ಯಾರಾದರೂ ನಂಬಬೇಕು.

ಹೆಂಡತಿಯ ತಮ್ಮ ಮೊಬೈಲಿನಲ್ಲಿ ಏನೋ ಹುಡುಕಿ ನಿಧಾನಕ್ಕೆ ಹೇಳಿದ, "ಕಾಕಾ, ಅವತ್ತ ನೀ ಊರಾಗಿದ್ದಿಲ್ಲ. ಮೇಡ್ಲೇರಿಗೆ ಬೀಜದ ಚೀಲ ಒಯ್ದಿದ್ದಿ. ಇಲ್ಲೆ ಐತಿ ನೋಡು, ಅವತ್ತಿನ ತಾರೀಖಿಗೆ ನೀ ಕಳಿಸಿದ ಫೋಟೋ."

ಚಾಲಕ ಫೋಟೋ ನೋಡಿದ. ಹೊಲದಲ್ಲಿ ಗಾಡಿ, ಗಾಡಿಯ ಮುಂದೆ ಅವನೇ. ಮತ್ತೆ ಮತ್ತೆ ನೋಡಿದ. "ಮತ್ತ ನಾ ನೋಡಿದ್ದು?" ಎಂದ. ಯಾರನ್ನು ಕೇಳಿದನೋ ತಿಳಿಯಲಿಲ್ಲ, ನನ್ನನ್ನೇ ಇರಬೇಕು.

ನಾನು ಅವನ ಕೈ ಹಿಡಿದೆ. "ಬರ್ರಿ, ಗಾಡಿ ಬುಡಕ ಹೋಗಿ ನೋಡೂಣು." ರಸ್ತೆ ದಾಟಿ ಇಬ್ಬರೂ ಪಕ್ಕಪಕ್ಕದಲ್ಲಿ ಮಲಗಿದೆವು. ಡಿಫರೆನ್ಶಿಯಲ್‌ನ ಎರಡೂ ಬೋಲ್ಟುಗಳ ಮೇಲೆ ಆ ದಿನವಷ್ಟೇ ಹಚ್ಚಿದ ಹಸಿರು ಗೀಟು, ಮುಂದೆ ಗೇರ್‌ಬಾಕ್ಸಿನ ಮೇಲೆ ಧೂಳು ಹಿಡಿದ ಹಳೆಯ ಗೀಟು. ಅವನು ಹಳೆಯದನ್ನು ಬೆರಳಿನಿಂದ ಮುಟ್ಟಿ ನೋಡಿದ. ಹೊರಗೆ ಹೆಂಡತಿಯ ತಮ್ಮ ಸೋಮವಾರ ಯಾವ ಗಾಡಿ ಮೊದಲು ತರಲಿ ಎಂದು ಕೇಳುತ್ತಿದ್ದ.

"ನಾಕೂ ತರ್ರಿ," ಎಂದರು ಮಿಸ್ತ್ರಿ. ಆಮೇಲೆ ಗಾಡಿಯ ಪಕ್ಕ ಬಗ್ಗಿ, "ಸರ, ಅವನ್ನ ಬಿಡ್ರಿ ಇನ್ನ," ಎಂದರು. "ಅವಂಗ ಏನ ಅಂತೀರಿ? ನೀವೂ ಅವನಂಗ ಕಣ್ಣೀಲೆ ನೋಡಿದ್ರೆಲ್ಲಾ."