ಲಕ್ಷ್ಮಕ್ಕನ ಕೈ ಮೇಲಿನ ಸೀಲು

ಸ್ನೇಹಿತರೇ, ಹೈದರಾಬಾದಿನಿಂದ ವೈ.ಎನ್.ಹೊಸಕೋಟೆಗೆ ಮರಳಿದ್ದ ನಮ್ಮ ಪಕ್ಕದ ಮನೆ ಲಕ್ಷ್ಮಕ್ಕನ ಕ್ವಾರಂಟೈನ್ ನಿನ್ನೆಗೆ ಮುಗಿದಿದೆ. ಹೇಳಿದವರು ಆಶಾ ಕಾರ್ಯಕರ್ತೆ. ಆದರೆ ಕೈ ಮೇಲೆ ಒತ್ತಿದ್ದ ಕ್ವಾರಂಟೈನ್ ಸೀಲು ಮಾಸಿರಲಿಲ್ಲ. ಅದು ಕಂಡರೆ ಹೈದರಾಬಾದಿನ ಕನ್ನಡಿಗರ ಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ ಹೋಗುತ್ತದೆಂದು ಹೆದರಿ, ಇವತ್ತು ಬೆಳಿಗ್ಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಉಜ್ಜಿಕೊಂಡಿದ್ದಾರೆ. ಸೀಲಿನ ಜೊತೆ ಚರ್ಮವೂ ಹೋಗಿದೆ.

ಮಧ್ಯಾಹ್ನ ನನ್ನ ಫೋನಿನಿಂದಲೇ ಮನೆಯೊಡತಿಗೆ ವಿಡಿಯೋ ಕಾಲ್ ಮಾಡಿದರು.

"ಕೈ ತೋರ್ಸು. ಅಯ್ಯೋ, ಅದೇನು ಗಾಯ?"

"ಸೀಲು ಅಮ್ಮಾ, ಉಜ್ಬುಟ್ಟೆ. ಕಾಯ್ಲೆ ಏನಿಲ್ಲ."

"ಆ ಕೈಯಲ್ಲಿ ಪಾತ್ರೆ ಮುಟ್ತೀಯಾ? ಬೇರೆಯವರನ್ನ ನೋಡ್ತೀನಿ."

"ಅಂಗನ್ಬ್ಯಾಡಿ ಅಮ್ಮಾ, ಒಂದ್ವಾರ ಟೈಮ್ ಕೊಡಿ."

"ಮಾಸೋವರೆಗೆ ಕಾಯಬಾರದಿತ್ತಾ?" ಎಂದು ಕಾಲ್ ಮುಗಿದ ಮೇಲೆ ನಾನು ಕೇಳಿದೆ.

"ಕೆಲ್ಸ ಕಾಯ್ತದಾ ಅಣ್ಣ? ನಂಗೆ ತಿಕ್ಕೋದೊಂದೇ ಗೊತ್ತು."

ಮನೆಯೊಡತಿ ಒಂದು ವಾರ ಕಾಯಲು ಒಪ್ಪಿದ್ದಾರೆ; ಮುಂದಿನ ಭಾನುವಾರ ಸಂಜೆ ಐದಕ್ಕೆ ಕೈ ತೋರಿಸಲು ಮತ್ತೆ ವಿಡಿಯೋ ಕಾಲ್. ಅಷ್ಟರೊಳಗೆ ಹೊಸ ಚರ್ಮ ಬಂದಿರಬೇಕು.