ಕಪ್ಪು ಕುಟುಂಬಕ್ಕೆ ಬಿಳಿ ಕ್ರೀಮಿನ ಪ್ರಾಯೋಜಕರು

ಸಿದ್ದಿ ಕುಟುಂಬವೊಂದರ ಮೂರು ತಲೆಮಾರಿನ ಆ ಕಾದಂಬರಿಯನ್ನು ಓದದವರು ನಮ್ಮ ದುಬೈ ಕನ್ನಡಿಗರಲ್ಲಿ ಯಾರೂ ಇರಲಿಲ್ಲ. ಓದಿಲ್ಲ ಎಂದು ಒಪ್ಪಿಕೊಂಡವರಂತೂ ಇರಲೇ ಇಲ್ಲ. ಆಫ್ರಿಕಾದಲ್ಲಿ ಹಿಡಿದು ಹಡಗಿನಲ್ಲಿ ತಂದ ತಾಯಿ ಮತ್ತು ಮಗಳಿಂದ ಅದು ಶುರುವಾಗುತ್ತದೆ. ಅದನ್ನು ಧಾರಾವಾಹಿ ಮಾಡಲು ಹೊರಟವರು ದುಬೈಯ ನೈಫ್ ಪೇಟೆಯಲ್ಲಿ ಸಗಟು ಅಂಗಡಿ ಇಟ್ಟಿದ್ದ ಉಡುಪಿ ಕಡೆಯ ಸಾಹುಕಾರರು. ಮಾರುತ್ತಿದ್ದುದು ಮುಖ ಬೆಳ್ಳಗಾಗುವ ಕ್ರೀಮು. ಕಪ್ಪು ಜನರ ಕಥೆಗೆ ಇದಕ್ಕಿಂತ ಯೋಗ್ಯ ಪ್ರಾಯೋಜಕರು ಸಿಗುವುದು ಕಷ್ಟವಿತ್ತು.

ಚಿತ್ರಕಥೆಗೆ ನನ್ನನ್ನು ಕರೆದರು. ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಹಗಲೆಲ್ಲ ಶಿಪ್ಪಿಂಗ್ ಕಾಗದ ತಯಾರಿಸುತ್ತಿದ್ದ ನಾನು ಕನ್ನಡ ಸಂಘಕ್ಕೆ ಎರಡು ನಾಟಕ ಬರೆದಿದ್ದೆ, ಅಷ್ಟು ಸಾಕಾಯಿತು. ಚಿತ್ರಕಥೆಯ ಲೇಖಕಿಯೆಂದು ನನಗೆ ಗೌರವವಾಗಿ ಒಂದು ಡಬ್ಬ ತುಂಬ ಕ್ರೀಮಿನ ಟ್ಯೂಬೂ ಬಂತು. ಅದನ್ನು ಸಿಂಕಿನ ಕೆಳಗೆ ತಳ್ಳಿದೆ.

ಸಂಜೆ ಬರೆದ ದೃಶ್ಯವನ್ನು ಹದಿಮೂರರ ಮಗಳಿಗೆ ಓದುತ್ತಿದ್ದೆ. ಹುಡುಗಿಯ ಮಾತು ಅವಳದು, ತಾಯಿಯ ಮಾತು ನನ್ನದು. ಹಡಗಿನ ದೃಶ್ಯದಲ್ಲಿ ತಾಯಿ ಮಗಳ ಮುಖ ಹಿಡಿದು, "ಈ ಬಣ್ಣ ನನ್ನಮ್ಮನದು, ಯಾರು ಕೇಳಿದರೂ ಬಿಟ್ಟುಕೊಡಬೇಡ" ಎನ್ನುತ್ತಾಳೆ. ಈ ಮಾತು ಕಾದಂಬರಿಯಲ್ಲಿಲ್ಲ, ನಾನೇ ಬರೆದದ್ದು. ಬರೆದ ಮೇಲೆ ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹಡಗಿನ ಕಂತನ್ನು ದುಬೈ ಕ್ರೀಕಿನ ಮರದ ದೋಣಿಗಳಲ್ಲೇ ಚಿತ್ರಿಸುವುದೆಂದಾಯಿತು. ಹುಡುಗಿಯ ಪಾತ್ರ ಯಾರಿಗೆಂದು ಮಾತಾಡಲು ಸಾಹುಕಾರರ ಅಂಗಡಿಗೆ ಹೋದಾಗ ಮಗಳೂ ಜೊತೆಗಿದ್ದಳು.

"ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನನ್ನ ತಂಗಿ ಮಗಳು ಇದ್ದಾಳಲ್ಲ ಅಕ್ಕ, ಭರತನಾಟ್ಯ ಮಾಡ್ತಾಳೆ. ಕಪ್ಪು ಬಳಿದ್ರೆ ಆಯ್ತು, ಖಲಾಸ್" ಎಂದರು.

ಊರಿನಿಂದ ಸಿದ್ದಿ ಹುಡುಗಿಯನ್ನೇ ಕರೆಸಿ ಎಂದೆ. ವೀಸಾ ಯಾರು ಮಾಡಿಸುವುದು ಎಂದರು. ನಾನು ಬಿಡಲಿಲ್ಲ. ಬೆಳ್ಳಗಿನ ಮುಖಕ್ಕೆ ಮಸಿ ಬಳಿಯುವುದು ಆ ಕುಟುಂಬಕ್ಕೆ ಮಾಡುವ ಅವಮಾನ ಎಂದು ಕ್ರೀಮಿನ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಕಾಲು ಗಂಟೆ ಭಾಷಣ ಬಿಗಿದೆ. ಸಾಹುಕಾರರು ಕಿವಿಗೊಟ್ಟು ಕೇಳಿದರು. ಆಮೇಲೆ ಪಕ್ಕಕ್ಕೆ ನೋಡಿದರು.

"ಹೌದಲ್ಲ, ನಿಮ್ಮ ಮಗಳೇ ಇದ್ದಾಳಲ್ಲ ಅಕ್ಕ. ಬಣ್ಣವೇ ಬೇಡ. ಇವಳನ್ನೇ ಹಾಕುವ."

ಮಗಳ ಮುಖ ಅರಳಿತು. ಸಂಭಾಷಣೆಯೆಲ್ಲ ಅವಳಿಗೆ ಬಾಯಿಪಾಠ. ನನಗೆ ಮಾತ್ರ ನನ್ನನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಎದ್ದು ಹೋದ ನಾಲ್ವರು ಗಂಡುಗಳು ಕಣ್ಣ ಮುಂದೆ ಬಂದರು. ಅವಳ ಬಣ್ಣ ನನ್ನದೇ. ಟಿವಿ ನೋಡಿದ ಊರಿನವರು ಮುಂದೆ ಇವಳನ್ನು ಏನೆಂದು ಗುರುತಿಸುತ್ತಾರೆ? ಬಣ್ಣ ಹಚ್ಚದೆಯೇ ಸಿದ್ದಿಯಾದವಳು ಎಂದು.

"ಅವಳಿಗೆ ಪರೀಕ್ಷೆ ಉಂಟು" ಎಂದೆ.

"ಬಟ್ ಮೈ ಎಕ್ಸಾಮ್ಸ್ ಆರ್ ಓವರ್, ಅಮ್ಮ."

"ಇನ್ನೊಂದು ಉಂಟು" ಎಂದೆ. ಅವಳು ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು ಎಂಬುದು ನನಗೂ ಅರ್ಥವಾಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಕೈಲಿ ಅಷ್ಟೂ ಆಗಲಿಲ್ಲ.

ಸಾಹುಕಾರರ ತಂಗಿ ಮಗಳಿಗೇ ಕಪ್ಪು ಬಳಿದರು. ಕ್ರೀಕಿನ ಬಿಸಿಲಿಗೆ ಬೆವರಿಳಿದು ಮಧ್ಯಾಹ್ನದ ಹೊತ್ತಿಗೆ ಆಫ್ರಿಕಾದ ಹುಡುಗಿಯ ಕುತ್ತಿಗೆಯಿಂದ ಉಡುಪಿ ಇಣುಕತೊಡಗಿತು. ಪ್ರಸಾರವಾದ ದಿನ ನಾನು ಬರೆದ ಆ ಮಾತು ಮುಗಿದದ್ದೇ ಕ್ರೀಮಿನ ಜಾಹೀರಾತು ಬಂತು. ಸಂಘದವರೆಲ್ಲ ಫೋನ್ ಮಾಡಿ ಕಣ್ಣೀರು ಬಂತೆಂದರು. ನಾನು ಥ್ಯಾಂಕ್ಸ್ ಹೇಳಿದೆ. ನಾಚಿಕೆಯಾಗುತ್ತಿತ್ತು, ಆದರೂ ಒಬ್ಬೊಬ್ಬರಿಗೂ ಹೇಳಿದೆ. ಮಗಳು ತನ್ನ ಕೋಣೆಯಿಂದ ಹೊರಗೆ ಬರಲಿಲ್ಲ.

ತಿಂಗಳ ನಂತರ ಸಿಂಕಿನ ಕೆಳಗೆ ಸೋಪಿನ ಪುಡಿ ಹುಡುಕುವಾಗ ಡಬ್ಬ ಕೈಗೆ ಬಂತು. ತೆರೆದಿತ್ತು. ಮೂರು ಟ್ಯೂಬು ತುದಿಯವರೆಗೆ ಸುರುಳಿ ಸುತ್ತಿಕೊಂಡಿದ್ದವು. ಮಗಳನ್ನು ಕರೆದು ಇದೆಂತದ್ದು ಎಂದು ಕೇಳಿದೆ.

"ನೆಕ್ಸ್ಟ್ ಸೀರಿಯಲ್‌ಗೆ, ಅಮ್ಮ" ಎಂದಳು. "ಆಗ ಎಕ್ಸಾಮ್ ಇರ್ಲಿಕ್ಕಿಲ್ಲ."